ಮೋಟಾರ್‌ಸೈಕಲ್ ಸಸ್ಪೆನ್ಷನ್: ಬೆಳೆದು ಬಂದ ದಾರಿ

ಕೊಪ್ಪಳ ಜಿಲ್ಲೆಯ ಕುಕನೂರಿಗೆ ನೀವು ಬಂದಿದ್ದರೆ, ಅಲ್ಲಿಯ ನವಲಿಂಗ ದೇವಾಲಯವನ್ನು ನೋಡಿಕೊಂಡು ಹತ್ತಿರದ ಇಟಗಿಗೂ ಹೋಗಿರುತ್ತೀರಿ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ಅಲ್ಲಿನ ಗುಡಿಯನ್ನು ನೋಡಲು ಬರುವವರಲ್ಲಿ ದೂರದ ಊರುಗಳಿಂದ ಮೋಟಾರ್‌ಸೈಕಲ್ ಮೇಲೆ ಬರುವವರೂ ಇದ್ದಾರೆ. ಎತ್ತರದ ಆಸನ, ಉದ್ದನೆಯ ಮುಂಗಾಲು, ಎರಡೂ ಬದಿಗೆ ಸಾಮಾನಿನ ಪೆಟ್ಟಿಗೆ ಇರುವ ಈ ವಾಹನಗಳನ್ನು ‘ಅಡ್ವೆಂಚರ್ ಟೂರರ್’ ಎನ್ನುತ್ತಾರೆ. ಡಾಂಬರು ರಸ್ತೆಯಲ್ಲೂ ಹೊಲದ ದಾರಿಯಲ್ಲೂ ಓಡಬೇಕು ಎಂಬುದೇ ಇವುಗಳ ಉದ್ದೇಶ.

ಈ ಸೀಮೆಯಲ್ಲಿ ಎರೆ ಭೂಮಿ ಹೆಚ್ಚು. ಎರೆ ಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಅಂತಹ ನೆಲದ ಮೇಲೆ ಹಾಕಿದ ರಸ್ತೆ ಕೆಲವೇ ವರ್ಷಗಳಲ್ಲಿ ಅಲೆಅಲೆಯಾಗುವುದು ಸಹಜ. ಇದೇ ದಾರಿಯಲ್ಲಿ ಬರಿದಾದ ಚಕ್ಕಡಿಯೊಂದು ಹೋಗುವುದನ್ನು ಗಮನಿಸಿ. ಅದಕ್ಕೆ ಸ್ಪ್ರಿಂಗ್ ಇಲ್ಲ. ಕಲ್ಲು ಸಿಕ್ಕಾಗ ಚಕ್ರದೊಂದಿಗೆ ಇಡೀ ಗಾಡಿಯೇ ಮೇಲೇಳುತ್ತದೆ, ಧಡ್ ಎಂದು ಬೀಳುತ್ತದೆ. ಎತ್ತಿನ ನಡಿಗೆಯ ವೇಗಕ್ಕೆ ಇದರಿಂದ ದೊಡ್ಡ ಅಪಾಯವಿಲ್ಲ. ಆದರೆ ವೇಗ ಹೆಚ್ಚಿದರೆ?

ಗಂಟೆಗೆ 40 ಕಿಲೋಮೀಟರ್ ವೇಗ ಎಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ಗುಂಡಿಯನ್ನು ಹಾರಿದ ಚಕ್ರ ಒಂದು ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು ನೆಲದಿಂದ ಮೇಲಿದ್ದರೂ ವಾಹನ ಎರಡು ಮೀಟರಿಗಿಂತ ಹೆಚ್ಚು ಮುಂದೆ ಹೋಗಿರುತ್ತದೆ. ಅಷ್ಟು ದೂರ ಆ ಚಕ್ರದ ಬ್ರೇಕು ಇದ್ದೂ ಇಲ್ಲದಂತೆ. ಬ್ರೇಕು, ತಿರುವು, ಎಳೆತ ಎಲ್ಲವೂ ಟೈರು ಮತ್ತು ನೆಲದ ನಡುವಿನ ಘರ್ಷಣೆಯಿಂದಲೇ ಆಗಬೇಕು. ಆದ್ದರಿಂದ ಸಸ್ಪೆನ್ಷನ್ನಿನ ಮುಖ್ಯ ಕೆಲಸ ಸವಾರನಿಗೆ ಸುಖ ಕೊಡುವುದಲ್ಲ, ಚಕ್ರವನ್ನು ನೆಲಕ್ಕೆ ಅಂಟಿಸಿಡುವುದು. ಈ ಒಂದು ಮಾತನ್ನು ತಿಳಿಯಲು ಮೋಟಾರ್‌ಸೈಕಲ್ ತಯಾರಕರಿಗೆ ಸುಮಾರು ಅರ್ಧ ಶತಮಾನ ಹಿಡಿಯಿತು.

ಮೊದಲು ಗಾಳಿ, ಆಮೇಲೆ ಉಕ್ಕು

ಜರ್ಮನಿಯಲ್ಲಿ ಗಾಟ್ಲೀಬ್ ಡೈಮ್ಲರ್ ಮತ್ತು ವಿಲ್‌ಹೆಲ್ಮ್ ಮೇಬಾಕ್ 1885ರಲ್ಲಿ ಪೆಟ್ರೋಲ್ ಎಂಜಿನ್ನಿನ ಮೊದಲ ದ್ವಿಚಕ್ರಿಯನ್ನು ಓಡಿಸಿದಾಗ ಅದರ ಚೌಕಟ್ಟು ಮರದ್ದು, ಚಕ್ರಗಳೂ ಮರದವೇ. ಚಕ್ಕಡಿಗೂ ಅದಕ್ಕೂ ಈ ವಿಷಯದಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗೆಂದು ರೂಪಿಸಿದ ಗಾಳಿ ಟೈರಿಗೆ ಪೇಟೆಂಟ್ ಪಡೆದ. ಚಿಕ್ಕ ಕಲ್ಲನ್ನು ನುಂಗಿಕೊಳ್ಳುವ ಈ ಗಾಳಿಯ ಮೆತ್ತೆಯನ್ನು ದ್ವಿಚಕ್ರಿಗಳ ಮೊದಲ ಸಸ್ಪೆನ್ಷನ್ ಎಂದೇ ಕರೆಯಬಹುದು.

ದೊಡ್ಡ ಗುಂಡಿಗಳಿಗೆ ಟೈರು ಸಾಲದು. ನಮ್ಮ ಟಾಂಗಾಗಳಲ್ಲಿ ಬಾಗಿದ ಉಕ್ಕಿನ ಕಮಾನು ಪಟ್ಟಿಗಳಿರುವುದನ್ನು ನೀವು ಕಂಡಿರಬಹುದು. ಕುದುರೆ ಗಾಡಿಯ ಈ ಪಟ್ಟಿಗಳು ಮೋಟಾರ್‌ಸೈಕಲ್ಲಿಗೂ ಬಂದವು. ಅಮೆರಿಕದ ‘ಇಂಡಿಯನ್’ ಕಂಪನಿ 1913ರಲ್ಲಿ ಹಿಂದಿನ ಚಕ್ರಕ್ಕೂ ಕಮಾನು ಪಟ್ಟಿ ಅಳವಡಿಸಿದ ವಾಹನವನ್ನು ಮಾರಿತು. ಇಂಗ್ಲೆಂಡಿನ ಸ್ಕಾಟ್ ಕಂಪನಿ ಅದಕ್ಕೂ ಮೊದಲೇ ಒಂದರೊಳಗೊಂದು ಜಾರುವ ಕೊಳವೆಗಳಿರುವ ಮುಂಗಾಲನ್ನು, ಅಂದರೆ ಟೆಲಿಸ್ಕೋಪಿಕ್ ಫೋರ್ಕನ್ನು, ಬಳಸಿತ್ತು.

ಸ್ಪ್ರಿಂಗಿನ ನಿಯಮ ಆಗಲೇ ಎರಡು ಶತಮಾನ ಹಳೆಯದು. ರಾಬರ್ಟ್ ಹುಕ್ 1676ರಲ್ಲಿ ಅದನ್ನು ಅಕ್ಷರಗಳ ಒಗಟಾಗಿ ಪ್ರಕಟಿಸಿ, 1678ರಲ್ಲಿ ಬಿಡಿಸಿ ಹೇಳಿದ್ದ. ಸ್ಪ್ರಿಂಗನ್ನು ಎಷ್ಟು ಒತ್ತುತ್ತೇವೋ ಅದರ ಪ್ರತಿರೋಧ ಬಲ ಅಷ್ಟರ ಪ್ರಮಾಣದಲ್ಲಿ ಹೆಚ್ಚುತ್ತದೆ. ಒಂದು ಮಿಲಿಮೀಟರ್ ಒತ್ತಲು ಬೇಕಾದ ಬಲವೇ ಅದರ ‘ಸ್ಪ್ರಿಂಗ್ ಸ್ಥಿರಾಂಕ’. ಇದು ನಿಮ್ಮ ಪಠ್ಯದಲ್ಲಿರುವ ವಿಷಯ.

ಕೂಡಿಡುವುದು ಬೇರೆ, ಕಳೆಯುವುದು ಬೇರೆ

ಒಂದು ಸ್ಪ್ರಿಂಗಿಗೆ ತೂಕ ಕಟ್ಟಿ ಎಳೆದು ಬಿಡಿ. ಅದು ಬಹಳ ಹೊತ್ತು ಮೇಲೆ ಕೆಳಗೆ ಕುಣಿಯುತ್ತಲೇ ಇರುತ್ತದೆ. ಏಕೆಂದರೆ ಸ್ಪ್ರಿಂಗ್ ಶಕ್ತಿಯನ್ನು ಕೂಡಿಡುತ್ತದೆಯೇ ಹೊರತು ಕಳೆಯುವುದಿಲ್ಲ. ಕೂಡಿಟ್ಟಿದ್ದನ್ನೆಲ್ಲ ಹಿಂತಿರುಗಿಸುತ್ತದೆ. ಬರಿಯ ಸ್ಪ್ರಿಂಗುಗಳಿದ್ದ ಹಳೆಯ ಮೋಟಾರ್‌ಸೈಕಲ್ಲುಗಳ ತೊಂದರೆಯೂ ಇದೇ. ಗುಂಡಿಯಲ್ಲಿ ಒತ್ತಿಕೊಂಡ ಸ್ಪ್ರಿಂಗ್ ಸವಾರನನ್ನು ಮೇಲಕ್ಕೆಸೆಯುತ್ತಿತ್ತು. ರಸ್ತೆಯ ಅಲೆಗಳು ಸ್ಪ್ರಿಂಗಿನ ಸಹಜ ಆವೃತ್ತಿಗೆ ಹೊಂದಿಕೊಂಡರಂತೂ ಅನುರಣನೆಯಿಂದ ಕುಣಿತ ಹೆಚ್ಚುತ್ತಲೇ ಹೋಗುತ್ತಿತ್ತು.

ಹಾಗಾದರೆ ಶಕ್ತಿಯನ್ನು ಕಳೆಯುವುದು ಹೇಗೆ? ಮೊದಲು ಒಂದಕ್ಕೊಂದು ಉಜ್ಜುವ ಬಿಲ್ಲೆಗಳನ್ನು ಬಳಸಿದರು. ಅವುಗಳ ಘರ್ಷಣೆಯಲ್ಲಿ ಚಲನಶಕ್ತಿ ಶಾಖವಾಗುತ್ತಿತ್ತು. ಆದರೆ ಒಣ ಘರ್ಷಣೆಯ ಬಲ ವೇಗದೊಂದಿಗೆ ಹೆಚ್ಚು ಬದಲಾಗುವುದಿಲ್ಲ. ಚಿಕ್ಕ ಉಬ್ಬಿಗೆ ಅದು ಅಲುಗದೆ ನಿಲ್ಲುತ್ತಿತ್ತು, ದೊಡ್ಡ ಹೊಡೆತಕ್ಕೆ ಸಾಲುತ್ತಿರಲಿಲ್ಲ.

ಉತ್ತರ ಸಿಕ್ಕಿದ್ದು ಎಣ್ಣೆಯಲ್ಲಿ. 1935ರಲ್ಲಿ ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪನಿ ತನ್ನ ಆರ್12 ಮತ್ತು ಆರ್17 ಮಾದರಿಗಳಲ್ಲಿ ಎಣ್ಣೆಯ ಅವಮಂದನವಿರುವ ಟೆಲಿಸ್ಕೋಪಿಕ್ ಫೋರ್ಕನ್ನು ಮಾರುಕಟ್ಟೆಗೆ ತಂದಿತು. ಕೊಳವೆ ಜಾರಿದಾಗ ಒಳಗಿನ ಎಣ್ಣೆ ಕಿರಿದಾದ ರಂಧ್ರಗಳಲ್ಲಿ ನುಸುಳಬೇಕು. ನಿಧಾನವಾಗಿ ಜಾರಿದರೆ ಎಣ್ಣೆ ಸುಲಭವಾಗಿ ದಾರಿ ಬಿಡುತ್ತದೆ, ವೇಗವಾಗಿ ಜಾರಿದರೆ ತಡೆಯುತ್ತದೆ. ನುಸುಳಿದ ಎಣ್ಣೆ ಬಿಸಿಯಾಗುತ್ತದೆ, ಆ ಬಿಸಿ ಗಾಳಿಗೆ ಹೋಗುತ್ತದೆ. ಸ್ಪ್ರಿಂಗ್ ಕೂಡಿಟ್ಟ ಶಕ್ತಿಯನ್ನು ಕಳೆಯಲು ಒಂದು ಒಳ್ಳೆಯ ದಾರಿ ಕೊನೆಗೂ ಸಿಕ್ಕಿತು. ಗ್ಯಾರೇಜಿನವರು ‘ಶಾಕಪ್’ ಎನ್ನುವ ಶಾಕ್ ಅಬ್ಸಾರ್ಬರಿನ ತತ್ತ್ವವೂ ಇದೇ. ಅದರ ಹೆಸರಿನ ಅರ್ಥ ಆಘಾತ ಹೀರುವುದು ಎಂದಾದರೂ ಆಘಾತವನ್ನು ಹೀರುವುದು ಸ್ಪ್ರಿಂಗ್, ಅದನ್ನು ಮುಗಿಸುವುದು ಎಣ್ಣೆ.

ಮೈಸೂರಿನ ಜಾವಾ

ಈ ಇತಿಹಾಸದ ಒಂದು ಕೊಂಡಿ ನಮ್ಮ ರಾಜ್ಯದಲ್ಲೇ ಇದೆ. ಚೆಕೊಸ್ಲೊವಾಕಿಯದ ಜಾವಾ ಕಂಪನಿ 1946ರಲ್ಲಿ ತಂದ 250 ಸಿ.ಸಿ. ಮೋಟಾರ್‌ಸೈಕಲ್ಲನ್ನು ಅಲ್ಲಿನ ಜನ ‘ಪೇರಾಕ್’ ಎಂದು ಕರೆದರು. ಚೆಕ್ ಭಾಷೆಯಲ್ಲಿ ‘ಪೇರೊ’ ಎಂದರೆ ಸ್ಪ್ರಿಂಗ್. ಹಿಂದಿನ ಚಕ್ರದ ಅಚ್ಚಿನ ಎರಡೂ ತುದಿಗಳು ನೇರ ಕಂಬಗಳಲ್ಲಿ ಸ್ಪ್ರಿಂಗುಗಳ ನಡುವೆ ಮೇಲೆ ಕೆಳಗೆ ಜಾರುವ ವ್ಯವಸ್ಥೆ ಅದರಲ್ಲಿತ್ತು. ಇಂತಹ ವ್ಯವಸ್ಥೆಯಲ್ಲಿ ಚಕ್ರಕ್ಕೆ ಚಲಿಸಲು ಸಿಗುವ ಜಾಗ ಕಡಿಮೆ. ಚಕ್ರ ನೇರವಾಗಿ ಮೇಲೆ ಕೆಳಗೆ ಹೋಗುವುದರಿಂದ ಚೈನಿನ ಬಿಗಿಯೂ ಬದಲಾಗುತ್ತದೆ.

1954ರಲ್ಲಿ ಅದೇ ಕಂಪನಿಯ 353 ಮಾದರಿ ಬಂದಿತು. ಇದರಲ್ಲಿ ಹಿಂದಿನ ಚಕ್ರವನ್ನು ಹಿಡಿದಿದ್ದುದು ಒಂದು ತುದಿಯಲ್ಲಿ ಕೀಲಿರುವ ಕವಲು ತೋಳು, ಅಂದರೆ ಸ್ವಿಂಗ್ ಆರ್ಮ್. ಎರಡು ಬದಿಗೆ ಎರಡು ಶಾಕ್ ಅಬ್ಸಾರ್ಬರುಗಳು. ಜನ ಇದಕ್ಕೂ ತೂಗಾಡುವುದು ಎಂಬ ಅರ್ಥದಲ್ಲಿ ‘ಕೀವಾಚ್ಕಾ’ ಎಂಬ ಅಡ್ಡಹೆಸರಿಟ್ಟರು. ಎಂಜಿನ್ನಿನಿಂದಲ್ಲ, ಸಸ್ಪೆನ್ಷನ್ನಿನಿಂದ ಎರಡು ವಾಹನಗಳಿಗೆ ಹೆಸರು ಬಂದಿತೆಂದರೆ ಆ ಬದಲಾವಣೆ ಸವಾರರಿಗೆ ಎಷ್ಟು ದೊಡ್ಡದಾಗಿ ಕಂಡಿರಬೇಕು ಎಂದು ನೀವೇ ಊಹಿಸಿ.

ರುಸ್ತುಂ ಮತ್ತು ಫರೋಖ್ ಇರಾನಿ ಅವರ ‘ಐಡಿಯಲ್ ಜಾವಾ’ ಕಂಪನಿ 1961ರಿಂದ ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ ತಯಾರಿಸಿದ್ದು ಈ 353ರ ವಂಶದ ಮೋಟಾರ್‌ಸೈಕಲ್ಲನ್ನೇ. 1970ರ ದಶಕದಲ್ಲಿ ಅದು ‘ಯೆಜ್ಡಿ’ ಆಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಹಳ್ಳಿಯ ದಾರಿಗಳಲ್ಲಿ ಇಬ್ಬರನ್ನೂ ಮೂಟೆಯನ್ನೂ ಹೊತ್ತು ಓಡಿದ ಹಳೆಯ ಯೆಜ್ಡಿ ನಿಮ್ಮ ಊರಿನಲ್ಲಿ ಇನ್ನೂ ಇದ್ದರೆ ಅದರ ಹಿಂದಿನ ತೋಳನ್ನು ಒಮ್ಮೆ ನೋಡಿ. ಇಂದಿನ ಬಹುತೇಕ ಮೋಟಾರ್‌ಸೈಕಲ್ಲುಗಳಲ್ಲಿರುವುದು ಅದೇ ತತ್ತ್ವದ ತೋಳು. 2022ರಲ್ಲಿ ಯೆಜ್ಡಿ ಹೆಸರು ಮರಳಿ ಬಂದಾಗ ಅದರ ಮೂರು ಮಾದರಿಗಳಲ್ಲಿ ಒಂದು ‘ಅಡ್ವೆಂಚರ್’. ಅದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ ತಯಾರಾದದ್ದು. ಅದರ ಮುಂದಿನ ಚಕ್ರಕ್ಕೆ 200 ಮಿ.ಮೀ., ಹಿಂದಿನದಕ್ಕೆ 180 ಮಿ.ಮೀ. ಚಲಿಸುವ ಜಾಗ ಕೊಟ್ಟಿದ್ದರು.

ಕೆಸರಿನ ಪಂದ್ಯದಿಂದ ಮರುಭೂಮಿಗೆ

ಚಕ್ರಕ್ಕೆ ಇಷ್ಟು ಜಾಗ ಕೊಡುವ ವಿಚಾರ ಬಂದದ್ದು ಮೋಟೊಕ್ರಾಸ್ ಎಂಬ ಕೆಸರು ಮಣ್ಣಿನ ಪಂದ್ಯಗಳಿಂದ. 1970ರ ದಶಕದ ಆರಂಭದಲ್ಲಿ ಪಂದ್ಯದ ಮೋಟಾರ್‌ಸೈಕಲ್ಲುಗಳ ಹಿಂದಿನ ಚಕ್ರ ಸುಮಾರು 100 ಮಿ.ಮೀ. ಮಾತ್ರ ಚಲಿಸುತ್ತಿತ್ತು. ಬೆಲ್ಜಿಯಂನ ಪ್ರಾಧ್ಯಾಪಕ ಲೂಸಿಯೆನ್ ಟಿಲ್ಕೆನ್ಸ್ ಎರಡು ಶಾಕ್ ಅಬ್ಸಾರ್ಬರುಗಳ ಬದಲು ಆಸನದ ಕೆಳಗೆ ಒಂದೇ ಉದ್ದನೆಯದನ್ನು ಇಡುವ ರಚನೆ ಮಾಡಿದರು. ಯಮಹಾ ಕಂಪನಿ ಅದನ್ನು ಪಡೆದುಕೊಂಡಿತು. 1973ರಲ್ಲಿ ಸ್ವೀಡನ್ನಿನ ಹೋಕನ್ ಆಂಡರ್ಸನ್ ಆ ವಾಹನದಲ್ಲಿ 250 ಸಿ.ಸಿ. ಮೋಟೊಕ್ರಾಸ್ ವಿಶ್ವ ಚಾಂಪಿಯನ್ ಆದರು. ಈಗ ನಾವು ‘ಮೊನೊಶಾಕ್’ ಎನ್ನುವುದು ಅದರ ಸಂತತಿ. ಹತ್ತು ವರ್ಷದೊಳಗೆ ಚಕ್ರದ ಚಲನೆ 300 ಮಿ.ಮೀ. ಮುಟ್ಟಿತು.

1978ರ ಡಿಸೆಂಬರ್ 26ರಂದು ಪ್ಯಾರಿಸ್ಸಿನಿಂದ ಸೆನೆಗಲ್ ದೇಶದ ಡಾಕರ್‌ಗೆ ಮೊದಲ ಡಾಕರ್ ರ‍್ಯಾಲಿ ಹೊರಟಿತು. 1980ರಲ್ಲಿ ಬಿ.ಎಂ.ಡಬ್ಲ್ಯು. ತಂದ ಆರ್80 ಜಿ/ಎಸ್ ಮಾದರಿಯ ಹೆಸರಿನ ಕೊನೆಯ ಎರಡಕ್ಷರಗಳ ಅರ್ಥ ‘ಕಾಡುದಾರಿ/ರಸ್ತೆ’ ಎಂದು. ಅದರ ಮೇಲೆ ಹ್ಯೂಬರ್ಟ್ ಓರಿಯೋಲ್ 1981ರ ಡಾಕರ್ ಗೆದ್ದರು. ದೂರ ಪ್ರಯಾಣದ ಅಡ್ವೆಂಚರ್ ಮೋಟಾರ್‌ಸೈಕಲ್ಲುಗಳ ಪರಂಪರೆ ಇಲ್ಲಿಂದ ಬೆಳೆಯಿತು.

ಈ ಪಂದ್ಯದಲ್ಲಿ ಕನ್ನಡ ನಾಡಿನವರೂ ಇದ್ದಾರೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ 36ನೆಯವರಾಗಿ ಡಾಕರ್ ಪೂರೈಸಿದ ಮೊದಲ ಭಾರತೀಯ. ಉಡುಪಿಯ ಅರವಿಂದ್ ಕೆ.ಪಿ. 2019ರಲ್ಲಿ 37ನೆಯವರಾಗಿ ಪೂರೈಸಿದರು. ಸಂತೋಷ್ 2021ರ ಪಂದ್ಯದಲ್ಲಿ ಬಿದ್ದು ತೀವ್ರವಾಗಿ ಗಾಯಗೊಂಡರು, ಬಳಿಕ ಚೇತರಿಸಿಕೊಂಡರು. ಎಷ್ಟು ಒಳ್ಳೆಯ ಸಸ್ಪೆನ್ಷನ್ ಇದ್ದರೂ ಭೌತಶಾಸ್ತ್ರದ ಮಿತಿಗಳು ಅಳಿಯುವುದಿಲ್ಲ ಎಂಬುದಕ್ಕೆ ಇದೂ ಒಂದು ಪಾಠ.

ನಮ್ಮ ದೇಶದಲ್ಲಿ ಜನಸಾಮಾನ್ಯರ ಕೈಗೆಟಕುವ ಬೆಲೆಗೆ ಇಂತಹ ವಾಹನಗಳು ಬಂದದ್ದು ಈಚೆಗೆ. 2016ರ ರಾಯಲ್ ಎನ್‌ಫೀಲ್ಡ್ ಹಿಮಾಲಯನ್‌ನಲ್ಲಿ ಮುಂದೆ 200, ಹಿಂದೆ 180 ಮಿ.ಮೀ. ಚಲನೆ ಇತ್ತು. 2019ರ ಹೀರೊ ಎಕ್ಸ್‌ಪಲ್ಸ್ 200ರಲ್ಲಿ 190 ಮತ್ತು 170 ಮಿ.ಮೀ. ಈ ಎರಡನೆಯದಕ್ಕೆ ಕಂಪನಿಯೇ ಬಳಿಕ ಕೊಟ್ಟ ರ‍್ಯಾಲಿ ಕಿಟ್ಟಿನಲ್ಲಿ ಅವು 250 ಮತ್ತು 220 ಮಿ.ಮೀ.ಗೆ ಏರಿದವು. ಹೀಗೆ ಸಸ್ಪೆನ್ಷನ್ ಬದಲಿಸುವ ಆಸೆ ಯುವಕರಲ್ಲಿ ಹುಟ್ಟಿದೆ. ಇಲ್ಲಿಯೇ ಇತಿಹಾಸದ ಪಾಠ ಉಪಯೋಗಕ್ಕೆ ಬರುವುದು.

ಬಿಗಿಮಾಡಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆಯೆ?

ಒಂದು ಲೆಕ್ಕ ಮಾಡೋಣ. ಹಿಂದಿನ ಚಕ್ರದ ಚಲನೆ 180 ಮಿ.ಮೀ. ಇರಲಿ. ಚಕ್ರದ ಬಳಿ ಅಳೆದಾಗ ಸ್ಪ್ರಿಂಗ್ ಸ್ಥಿರಾಂಕ ಮಿಲಿಮೀಟರಿಗೆ 20 ನ್ಯೂಟನ್ ಎಂದುಕೊಳ್ಳಿ. ಸವಾರನೊಬ್ಬನೇ ಕುಳಿತಾಗ ವಾಹನ 54 ಮಿ.ಮೀ. ಕುಸಿಯುತ್ತದೆ ಎನ್ನೋಣ. ಒಟ್ಟು ಚಲನೆಯ ಸುಮಾರು ಮೂರನೇ ಒಂದು ಭಾಗ ಹೀಗೆ ಕುಸಿಯುವುದು ಸರಿಯಾದದ್ದೇ. ಏಕೆಂದರೆ ಗುಂಡಿ ಬಂದಾಗ ಚಕ್ರ ಕೆಳಗಿಳಿದು ನೆಲವನ್ನು ಹಿಂಬಾಲಿಸಲೂ ಜಾಗ ಬೇಕು. ಈಗ ಹಿಂದೆ 60 ಕೆ.ಜಿ.ಯ ಗೆಳೆಯ, 30 ಕೆ.ಜಿ. ಸಾಮಾನು. ಈ 90 ಕೆ.ಜಿ. ಬಹುಪಾಲು ಹಿಂದಿನ ಚಕ್ರದ ಮೇಲೇ ಬೀಳುತ್ತದೆ. ಅಂದರೆ ಸುಮಾರು 880 ನ್ಯೂಟನ್. ಇದನ್ನು 20ರಿಂದ ಭಾಗಿಸಿದರೆ 44 ಮಿ.ಮೀ. ಒಟ್ಟು ಕುಸಿತ 98 ಮಿ.ಮೀ. ಉಬ್ಬುಗಳಿಗೆ ಉಳಿದದ್ದು 82 ಮಿ.ಮೀ. ಮಾತ್ರ.

ಆಗ ಹೆಚ್ಚಿನವರು ಶಾಕ್ ಅಬ್ಸಾರ್ಬರಿನ ಮೇಲಿರುವ ಸುತ್ತುಬಳೆಯನ್ನು ತಿರುಗಿಸಿ ಸ್ಪ್ರಿಂಗನ್ನು ಬಿಗಿಮಾಡುತ್ತಾರೆ. ಇದಕ್ಕೆ ‘ಪ್ರೀಲೋಡ್’ ಎನ್ನುತ್ತಾರೆ. ಸ್ಪ್ರಿಂಗ್ ಗಟ್ಟಿಯಾಯಿತು ಎಂದು ಭಾವಿಸುತ್ತಾರೆ. ಆದರೆ ಹುಕ್‌ನ ನಿಯಮವನ್ನು ನೆನೆಯಿರಿ. ಬಿಗಿಮಾಡಿದರೂ ಮುಂದಿನ ಪ್ರತಿ ಮಿಲಿಮೀಟರಿಗೆ ಬೇಕಾದ ಬಲ ಅಷ್ಟೇ. ಸ್ಥಿರಾಂಕ ಬದಲಾಗುವುದು ತಂತಿಯ ದಪ್ಪ, ಸುರುಳಿಯ ಅಗಲ, ಸುತ್ತುಗಳ ಸಂಖ್ಯೆ ಅಥವಾ ಲೋಹ ಬದಲಾದಾಗ ಮಾತ್ರ. ಪ್ರೀಲೋಡಿನಿಂದ ವಾಹನ ಎತ್ತರಕ್ಕೇರುತ್ತದೆ, ಕುಸಿತ ಕಡಿಮೆಯಾಗುತ್ತದೆ. ಸ್ವಲ್ಪ ಹೊರೆಗೆ ಅದು ಸಾಕು. ಯಾವಾಗಲೂ ಹೆಚ್ಚು ಹೊರೆ ಹೊರುವವರು ಸ್ಪ್ರಿಂಗನ್ನೇ ಬದಲಿಸಬೇಕು.

ಸ್ಪ್ರಿಂಗ್ ಬದಲಿಸಿದರೆ ಕೆಲಸ ಮುಗಿಯಿತೆ? ಇಲ್ಲ. ಗಟ್ಟಿ ಸ್ಪ್ರಿಂಗ್ ಅಷ್ಟೇ ಒತ್ತಿಕೊಂಡಾಗ ಹೆಚ್ಚು ಶಕ್ತಿಯನ್ನು ಕೂಡಿಡುತ್ತದೆ. ಅದನ್ನು ಕಳೆಯುವ ಎಣ್ಣೆಯ ಭಾಗ ಹಳೆಯದೇ ಉಳಿದರೆ ವಾಹನ ಮತ್ತೆ 1920ರ ದಶಕದ ಮೋಟಾರ್‌ಸೈಕಲ್ಲಿನಂತೆ ಕುಣಿಯತೊಡಗುತ್ತದೆ. ದುಬಾರಿ ಸ್ಪ್ರಿಂಗ್ ಹಾಕಿಸಿಕೊಂಡು, ಮೊದಲಿಗಿಂತ ಕೆಟ್ಟಿತು ಎನ್ನುವವರ ದೂರಿಗೆ ಅನೇಕ ವೇಳೆ ಇದೇ ಕಾರಣ.

ಎಣ್ಣೆಯ ಭಾಗದಲ್ಲೂ ಹಳೆಯದು, ಹೊಸದು ಎಂದಿದೆ. ಸರಳ ಫೋರ್ಕುಗಳಲ್ಲಿ ಎಣ್ಣೆ ಹರಿಯುವುದು ಬದಲಾಗದ ಅಳತೆಯ ರಂಧ್ರಗಳಲ್ಲಿ. ಅಲ್ಲಿ ವೇಗ ಎರಡರಷ್ಟಾದರೆ ತಡೆ ಸುಮಾರು ನಾಲ್ಕರಷ್ಟಾಗುತ್ತದೆ. ಹೀಗಾಗಿ ಬ್ರೇಕು ಹಾಕಿದಾಗಿನ ನಿಧಾನ ಚಲನೆಗೆ ಅದು ತೀರ ಮೆದು, ಚೂಪಾದ ಕಲ್ಲಿನ ಹೊಡೆತಕ್ಕೆ ತೀರ ಗಡಸು. ಉತ್ತಮ ಫೋರ್ಕುಗಳಲ್ಲಿ ರಂಧ್ರದ ಮೇಲೆ ತೆಳುವಾದ ಉಕ್ಕಿನ ಬಿಲ್ಲೆಗಳ ಅಡಕವಿರುತ್ತದೆ. ಒತ್ತಡ ಹೆಚ್ಚಿದಂತೆ ಅವು ಬಾಗಿ ದಾರಿಯನ್ನು ಅಗಲ ಮಾಡುತ್ತವೆ. ಫೋರ್ಕ್ ಸುಧಾರಣೆಗೆ ಕೊಡುವ ಹಣದಲ್ಲಿ ಬಹುಪಾಲು ಈ ಪುಟ್ಟ ಬಿಲ್ಲೆಗಳ ಲೆಕ್ಕಾಚಾರಕ್ಕೆ.

ಬಿಸಿಯಾದ ಎಣ್ಣೆ

ಕೆಲವು ಶಾಕ್ ಅಬ್ಸಾರ್ಬರುಗಳ ಪಕ್ಕದಲ್ಲಿ ಒಂದು ಸಣ್ಣ ಡಬ್ಬಿ ಜೋಡಿಸಿರುವುದನ್ನು ನೀವು ನೋಡಿರಬಹುದು. ಅದು ಅಲಂಕಾರವಲ್ಲ. ಮೇಲಿನ ಲೆಕ್ಕದ ಸ್ಪ್ರಿಂಗ್ 100 ಮಿ.ಮೀ. ಒತ್ತಿಕೊಂಡಾಗ ಕೂಡಿಡುವ ಶಕ್ತಿ 100 ಜೌಲ್. ಇದೆಲ್ಲ ಎಣ್ಣೆಗೆ ಹೋಯಿತು ಎನ್ನೋಣ. 200 ಗ್ರಾಂ ಎಣ್ಣೆಯನ್ನು ಒಂದು ಡಿಗ್ರಿ ಬಿಸಿಮಾಡಲು ಸುಮಾರು 400 ಜೌಲ್ ಸಾಕು. ಒಂದು ಹೊಡೆತಕ್ಕೆ ಕಾಲು ಡಿಗ್ರಿ. ಶಾಖ ಹೊರಗೆ ಹೋಗದಿದ್ದರೆ 200 ಹೊಡೆತಗಳಿಗೆ 50 ಡಿಗ್ರಿ! ಬಿಸಿಯಾದ ಎಣ್ಣೆಯ ಸ್ನಿಗ್ಧತೆ ಇಳಿಯುತ್ತದೆ, ಗಾಳಿ ಬೆರೆತರೆ ನೊರೆಯಾಗುತ್ತದೆ, ಅವಮಂದನ ಸೋಲುತ್ತದೆ. ಫ್ರಾನ್ಸಿನ ಎಂಜಿನಿಯರ್ ಕ್ರಿಶ್ಚಿಯನ್ ದ ಕಾರ್ಬೊ 1950ರ ದಶಕದಲ್ಲಿ ಬಳಕೆಗೆ ತಂದ ರಚನೆಯಲ್ಲಿ ಒತ್ತಡದ ಅನಿಲ ಎಣ್ಣೆಯನ್ನು ನೊರೆಗಟ್ಟದಂತೆ ಕಾಯುತ್ತದೆ. ಪಕ್ಕದ ಡಬ್ಬಿಯಲ್ಲಿ ಇರುವುದು ಆ ಅನಿಲ ಮತ್ತು ಹೆಚ್ಚುವರಿ ಎಣ್ಣೆ.

2004ರಲ್ಲಿ ಬಿ.ಎಂ.ಡಬ್ಲ್ಯು. ಸಸ್ಪೆನ್ಷನ್ನಿನ ಹೊಂದಾಣಿಕೆಯನ್ನು ಗುಂಡಿ ಒತ್ತಿ ಬದಲಿಸುವ ವಿದ್ಯುನ್ಮಾನ ವ್ಯವಸ್ಥೆ ತಂದಿತು. ಈಗಿನ ದುಬಾರಿ ವಾಹನಗಳಲ್ಲಿ ಸಂವೇದಕಗಳು ಚಕ್ರದ ಚಲನೆಯನ್ನು ಗಮನಿಸಿ, ಸೆಕೆಂಡಿನ ಸಣ್ಣ ಭಾಗದಲ್ಲಿ ಎಣ್ಣೆಯ ದಾರಿಯನ್ನು ಹಿಗ್ಗಿಸಿ ಕುಗ್ಗಿಸುತ್ತವೆ. ಉಪಕರಣ ಬದಲಾಗಿದೆ, ಕೆಲಸ 1935ರದ್ದೇ.

ಶಾಲೆಯ ಅಂಗಳದಲ್ಲಿ ಒಂದು ಅಳತೆ

ಶಿಕ್ಷಕರೇ, ಇದಕ್ಕೆ ಪ್ರಯೋಗಶಾಲೆ ಬೇಕಿಲ್ಲ. ನಿಮ್ಮದೇ ದ್ವಿಚಕ್ರ ವಾಹನ, ಒಂದು ಅಳತೆ ಪಟ್ಟಿ, ತಮ್ಮ ತೂಕ ತಿಳಿದಿರುವ ಕೆಲವು ವಿದ್ಯಾರ್ಥಿಗಳು ಸಾಕು. ವಾಹನವನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹಿಂದಿನ ಚಕ್ರದ ಅಚ್ಚಿನಿಂದ ನೇರ ಮೇಲೆ ಚೌಕಟ್ಟಿನ ಒಂದು ಗುರುತಿಗೆ ಇರುವ ದೂರ ಅಳೆಯಿರಿ. ಆಮೇಲೆ ಸ್ಟ್ಯಾಂಡ್ ತೆಗೆದು, ಇಬ್ಬರು ದೊಡ್ಡವರು ವಾಹನವನ್ನು ನೇರವಾಗಿ ಹಿಡಿದಿರುವಾಗ ಹಿಂದಿನ ಆಸನದಲ್ಲಿ ಒಬ್ಬೊಬ್ಬರಾಗಿ ಬೇರೆ ಬೇರೆ ತೂಕದವರನ್ನು ಕೂರಿಸಿ ಮತ್ತೆ ಅಳೆಯಿರಿ. ಎಂಜಿನ್ ಆರಿಸಿರಲಿ.

ತೂಕ ಮತ್ತು ಕುಸಿತದ ನಕ್ಷೆ ಬರೆದರೆ ಹೆಚ್ಚು ಕಡಿಮೆ ಸರಳರೇಖೆ ಬರುತ್ತದೆ. ಅದರ ಓಟದಿಂದ ಸ್ಪ್ರಿಂಗ್ ಸ್ಥಿರಾಂಕ ಸಿಗುತ್ತದೆ. ವಾಹನವನ್ನು ಸ್ವಲ್ಪ ಒತ್ತಿ ಬಿಟ್ಟಾಗಿನ ಅಳತೆಗೂ ಸ್ವಲ್ಪ ಎತ್ತಿ ಬಿಟ್ಟಾಗಿನ ಅಳತೆಗೂ ವ್ಯತ್ಯಾಸವಿರುತ್ತದೆ. ಅದು ಕೀಲು ಮತ್ತು ಸೀಲುಗಳ ಒಣ ಘರ್ಷಣೆ. ಎರಡರ ಸರಾಸರಿ ತೆಗೆದುಕೊಳ್ಳಿ. ಕೊನೆಗೆ ಆಸನವನ್ನು ಜೋರಾಗಿ ಒತ್ತಿ ಕೈಬಿಡಿ. ಒಮ್ಮೆ ಮೇಲೆ ಬಂದು ನಿಂತರೆ ಸರಿ. ಎರಡು ಮೂರು ಸಲ ಕುಣಿದರೆ ಶಾಕ್ ಅಬ್ಸಾರ್ಬರಿನ ಎಣ್ಣೆ ಸೋರಿದೆ ಅಥವಾ ಸವೆದಿದೆ ಎಂದರ್ಥ. ಅದನ್ನು ಸರಿಪಡಿಸುವುದೇ ಎಲ್ಲಕ್ಕಿಂತ ಮೊದಲ ಸುಧಾರಣೆ.

ಮಾರ್ಪಾಡು ಮಾಡುವ ಮುನ್ನ ಇನ್ನೆರಡು ಎಚ್ಚರ. ಹಿಂಭಾಗವನ್ನು ಮಾತ್ರ ಎತ್ತರಿಸಿದರೆ ಮುಂಗಾಲಿನ ಓರೆ ಕಡಿಮೆಯಾಗಿ ವೇಗದಲ್ಲಿ ಹ್ಯಾಂಡಲ್ ಅಸ್ಥಿರವಾಗಬಹುದು. ಮುಂದೆ ಹಿಂದೆ ಎರಡನ್ನೂ ಜೊತೆಯಾಗಿ ಯೋಚಿಸಬೇಕು. ತಯಾರಕರು ನಮೂದಿಸಿದ ಮೂಲ ವಿವರಗಳನ್ನು ಬದಲಿಸುವ ಮಾರ್ಪಾಡುಗಳಿಗೆ 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ನಿರ್ಬಂಧವಿದೆ ಎಂಬುದನ್ನೂ ಮರೆಯಬಾರದು.

ಮುಂದಿನ ಸಲ ಇಟಗಿಯ ದಾರಿಯಲ್ಲಿ ಹೋಗುವಾಗ ನಿಮ್ಮ ಮುಂದಿರುವ ಮೋಟಾರ್‌ಸೈಕಲ್ಲಿನ ಹಿಂದಿನ ಚಕ್ರವನ್ನು ಸುರಕ್ಷಿತ ಅಂತರದಿಂದ ಗಮನಿಸಿ. ಆಸನ ಹೆಚ್ಚು ಅಲುಗದೆ, ಚಕ್ರ ಮಾತ್ರ ರಸ್ತೆಯ ಅಲೆಗಳನ್ನು ಬಿಡದೆ ಹಿಂಬಾಲಿಸುತ್ತಿದ್ದರೆ ಅದರ ಸ್ಪ್ರಿಂಗೂ ಎಣ್ಣೆಯೂ ತಮ್ಮ ತಮ್ಮ ಕೆಲಸ ಮಾಡುತ್ತಿವೆ ಎಂದು ತಿಳಿಯಿರಿ. ಚಕ್ರ ಪುಟಿಯುತ್ತಿದ್ದರೆ, ಅಂತರವನ್ನು ಇನ್ನಷ್ಟು ಹೆಚ್ಚಿಸಿಕೊಳ್ಳಿ.